ನಗೆಯ ಗುರಿ ಯಾರು? — ‘ಸ್ಪೈ’ ಚಲನಚಿತ್ರದ ಗುಣದೋಷ ವಿವೇಚನೆ

ಮನುಷ್ಯನು ಯಾವುದಕ್ಕೆ ಅಳುತ್ತಾನೆಂಬುದರಿಂದ ಅವನ ಹೃದಯವನ್ನೂ, ಯಾವುದಕ್ಕೆ ನಗುತ್ತಾನೆಂಬುದರಿಂದ ಅವನ ಸಂಸ್ಕಾರವನ್ನೂ ಅಳೆಯಬಹುದು. ಅಳುವಿನಲ್ಲಿ ಸೋಗು ಸಾಧ್ಯ; ನಗೆಯಾದರೋ ಅಪ್ಪಣೆ ಕೇಳದೆ ಹೊರಬೀಳುತ್ತದೆ. ನಮ್ಮ ಪ್ರಾಚೀನ ಲಾಕ್ಷಣಿಕರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿ, ಮೊದಲೆರಡನ್ನು ಉತ್ತಮರಿಗೂ, ನಡುವಿನೆರಡನ್ನು ಮಧ್ಯಮರಿಗೂ, ಕೊನೆಯೆರಡನ್ನು ಅಧಮರಿಗೂ ಹೊಂದಿಸಿದನು. ಹಾಸ್ಯಕ್ಕೆ ಕಾರಣಗಳನ್ನು ಎಣಿಸುವಾಗ ವಿಕೃತವಾದ ವೇಷ, ಅಸಂಬದ್ಧವಾದ ಹರಟೆ, ಅಂಗವೈಕಲ್ಯದ ದರ್ಶನ ಮೊದಲಾದುವನ್ನು ಹೆಸರಿಸಿದನು. ಕಾರಣಗಳು ಸಾವಿರಾರು ವರ್ಷಗಳಿಂದ ಹೆಚ್ಚು ಬದಲಾಗಿಲ್ಲ. ಅವುಗಳನ್ನು ಬಳಸುವವನ ಅಭಿಪ್ರಾಯವೇನು, ನಗೆಯ ಬಾಣ ಯಾರ ಕಡೆಗೆ ತಿರುಗಿದೆ ಎಂಬುದೇ ಎಂದಿಗೂ ಮುಖ್ಯವಾದ ಪ್ರಶ್ನೆ. ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು, ೨೦೧೫ರಲ್ಲಿ ತೆರೆಕಂಡ ‘ಸ್ಪೈ’ ಎಂಬ ಅಮೆರಿಕೆಯ ಹಾಸ್ಯಚಿತ್ರವನ್ನು ಇಲ್ಲಿ ಪರೀಕ್ಷಿಸಲು ಬಯಸುತ್ತೇವೆ.

ಮಠದ ಪತ್ರಿಕೆಯಲ್ಲಿ ಗೂಢಚಾರರ ಚಿತ್ರಕ್ಕೇನು ಕೆಲಸವೆಂದು ಹಿರಿಯರಾದ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಇಂದು ಚಿತ್ರ ನೋಡುವುದಕ್ಕೆ ಪಟ್ಟಣದ ಟಾಕೀಸಿಗೆ ಗಾಡಿ ಕಟ್ಟಿಕೊಂಡು ಹೋಗಬೇಕಾಗಿಲ್ಲ. ಅಂಗೈಯಗಲದ ಮೊಬೈಲಿನಲ್ಲಿ, ಹಳ್ಳಿಯ ಮನೆಯ ಜಗಲಿಯ ಮೇಲೆಯೇ, ಜಗತ್ತಿನ ಚಿತ್ರಗಳೆಲ್ಲ ಬಂದಿಳಿಯುತ್ತವೆ. ಯುವಕರು ಅವುಗಳನ್ನು ನೋಡಿಯೇ ನೋಡುತ್ತಾರೆ. ನೋಡಬೇಡಿರೆಂದು ಗದರಿಸಿ ಸುಮ್ಮನಾಗುವುದಕ್ಕಿಂತ, ಕಾಳು ಯಾವುದು ಜೊಳ್ಳು ಯಾವುದು ಎಂದು ಆರಿಸುವ ಮೊರವನ್ನು ಅವರ ಕೈಗೆ ಕೊಡುವುದು ಲೇಸು.

ಗೂಢಚಾರ ಚಿತ್ರಗಳ ಪರಂಪರೆಯನ್ನು ಸ್ವಲ್ಪ ನೆನೆಯೋಣ. ೧೯೬೨ರಲ್ಲಿ ‘ಡಾಕ್ಟರ್ ನೋ’ ಎಂಬ ಚಿತ್ರದಿಂದ ಜೇಮ್ಸ್ ಬಾಂಡನು ತೆರೆಯ ಮೇಲೆ ಅವತರಿಸಿದನು. ಒಳ್ಳೆಯ ಉಡುಪು, ವೇಗದ ಕಾರು, ಸೋಲರಿಯದ ತೋಳು, ಸುತ್ತಲೂ ಸುಂದರಿಯರು — ಇದು ಆತನ ಲಕ್ಷಣ. ಈ ಅಲೆ ಆರೇ ವರ್ಷಗಳಲ್ಲಿ ಕನ್ನಡನಾಡನ್ನೂ ತಲಪಿತು. ೧೯೬೮ರಲ್ಲಿ ದೊರೈ-ಭಗವಾನ್ ಜೋಡಿಯ ನಿರ್ದೇಶನದಲ್ಲಿ ಬಂದ ‘ಜೇಡರ ಬಲೆ’ಯಲ್ಲಿ ಡಾ. ರಾಜಕುಮಾರ್ ಅವರು ಸಿ.ಐ.ಡಿ. ೯೯೯ ಆಗಿ ಕಾಣಿಸಿಕೊಂಡರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’ ಬಂದಿತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಿರಿಯರಾದವರು ಇವುಗಳನ್ನು ನೋಡಿಯೇ ಇರುತ್ತಾರೆ. ಬೆಳೆದ ಮರಕ್ಕೆ ಬಂದಣಿಕೆ ಹತ್ತುವಂತೆ ಈ ಬಗೆಯ ಚಿತ್ರಗಳಿಗೆ ಅಣಕವೂ ಬೇಗನೆ ಹುಟ್ಟಿಕೊಂಡಿತು. ೧೯೬೫ರಲ್ಲಿ ಅಮೆರಿಕೆಯ ದೂರದರ್ಶನದಲ್ಲಿ ಆರಂಭವಾದ ‘ಗೆಟ್ ಸ್ಮಾರ್ಟ್’ ಮಾಲಿಕೆ, ೨೦೦೩ರ ‘ಜಾನಿ ಇಂಗ್ಲಿಷ್’ ಚಿತ್ರ ಮುಂತಾದುವು ಈ ವರ್ಗಕ್ಕೆ ಸೇರಿದುವು. ಇವುಗಳ ಹಾಸ್ಯದ ಸೂತ್ರ ಒಂದೇ: ದಡ್ಡನೊಬ್ಬನನ್ನು ಗೂಢಚಾರನ ಪೀಠದಲ್ಲಿ ಕೂರಿಸುವುದು. ‘ಸ್ಪೈ’ ಚಿತ್ರದ ವಿಶೇಷವು ಈ ಸೂತ್ರವನ್ನು ತಿರುವಿ ಹಾಕಿದುದರಲ್ಲಿದೆ. ಇಲ್ಲಿ ನಾಯಕಿ ದಡ್ಡಳಲ್ಲ. ಅವಳನ್ನು ದಡ್ಡಳೆಂದು ಭಾವಿಸುವ ಲೋಕವೇ ದಡ್ಡತನದ್ದು.

ಚಿತ್ರವನ್ನು ಬರೆದು ನಿರ್ದೇಶಿಸಿದವರು ಪಾಲ್ ಫೀಗ್. ಕಥೆ ಸಂಕ್ಷೇಪವಾಗಿ ಹೀಗಿದೆ. ಅಮೆರಿಕೆಯ ಗುಪ್ತಚರ ಸಂಸ್ಥೆಯಾದ ಸಿ.ಐ.ಎ.ಯ ನೆಲಮಾಳಿಗೆಯಲ್ಲಿ ಸೂಸನ್ ಕೂಪರ್ ಎಂಬ ನಲವತ್ತರ ಆಸುಪಾಸಿನ, ಸ್ಥೂಲಕಾಯದ, ಸೌಮ್ಯ ಸ್ವಭಾವದ ಹೆಂಗಸು ಗಣಕಯಂತ್ರದ ಮುಂದೆ ಕುಳಿತಿದ್ದಾಳೆ. ಇಲಿ, ಬಾವಲಿಗಳ ಕಾಟ ಆ ಕಚೇರಿಯಲ್ಲಿ ನಿತ್ಯದ್ದು. ದೂರದ ಬಲ್ಗೇರಿಯದಲ್ಲಿ ಬ್ರಾಡ್ಲಿ ಫೈನ್ ಎಂಬ ಸುಂದರಾಂಗನಾದ ಗೂಢಚಾರನು ಶತ್ರುಗಳ ನಡುವೆ ನುಗ್ಗುತ್ತಿರುವಾಗ, ಅವನ ಕಿವಿಯೊಳಗಿನ ಪುಟ್ಟ ಯಂತ್ರದ ಮೂಲಕ ದಾರಿ ತೋರುವವಳು ಇವಳು. ಮೂಲೆಯಾಚೆ ಯಾರಿದ್ದಾರೆ, ಯಾವ ಕಡೆಗೆ ತಿರುಗಬೇಕು, ಯಾವಾಗ ಬಾಗಬೇಕು ಎಂಬುದೆಲ್ಲ ಇವಳ ಮಾತು. ಹೊಡೆದುರುಳಿಸಿದ ಕೀರ್ತಿ ಮಾತ್ರ ಅವನದು. ರೇನಾ ಬೊಯನೋವ್ ಎಂಬ ಶಸ್ತ್ರವ್ಯಾಪಾರಿಯ ಮಗಳು ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಪರಮಾಣು ಬಾಂಬೊಂದನ್ನು ಮಾರಲು ಹೊರಟಿದ್ದಾಳೆ. ಅವಳ ಕೈಯಲ್ಲಿ ಫೈನ್ ಗುಂಡೇಟಿಗೆ ಬೀಳುವುದನ್ನು ಸೂಸನ್ ಪರದೆಯ ಮೇಲೆ ಕಣ್ಣಾರೆ ಕಾಣುತ್ತಾಳೆ. ಸಂಸ್ಥೆಯ ಗೂಢಚಾರರ ಹೆಸರುಗಳೆಲ್ಲ ರೇನಾಳಿಗೆ ತಿಳಿದುಹೋಗಿರುವುದರಿಂದ, ಯಾರಿಗೂ ಪರಿಚಯವಿಲ್ಲದವರೇ ಹೋಗಬೇಕಾಗುತ್ತದೆ. ಆಗ ನೆಲಮಾಳಿಗೆಯ ಸೂಸನ್ ತಾನು ಹೋಗುವೆನೆಂದು ಕೈ ಎತ್ತುತ್ತಾಳೆ. ಪ್ಯಾರಿಸ್, ರೋಮ್, ಬುಡಾಪೆಸ್ಟ್ ನಗರಗಳ ಮೂಲಕ ಸಾಗುವ ಅವಳ ಸಾಹಸವೇ ಮುಂದಿನ ಕಥೆ.

ಚಿತ್ರದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಸಂಸ್ಕೃತ ನಾಟಕಗಳಲ್ಲಿ ನಾಯಕನ ಪಕ್ಕದಲ್ಲಿ ವಿದೂಷಕನೊಬ್ಬನಿರುತ್ತಾನೆ. ವಿಕಾರವಾದ ರೂಪ, ತಿಂಡಿಯ ಚಪಲ, ಸ್ವಾಮಿನಿಷ್ಠೆ ಇವು ಅವನ ಸೊತ್ತು. ದುಷ್ಯಂತನ ಪ್ರಣಯಕ್ಕೆ ಮಾಢವ್ಯನ ಬಳಲಿಕೆ ನಗೆಯ ಹಿನ್ನೆಲೆಯಾಗುತ್ತದೆ. ಚಾರುದತ್ತನ ದುಃಖಕ್ಕೆ ಮೈತ್ರೇಯನು ಊರುಗೋಲಾಗುತ್ತಾನೆ. ವಿದೂಷಕನೇ ನಾಯಕನ ಸ್ಥಾನಕ್ಕೆ ಬರುವುದು ಮಾತ್ರ ಆ ಪರಂಪರೆಯಲ್ಲಿಲ್ಲ. ‘ಸ್ಪೈ’ ಚಿತ್ರದ ಮೊದಲ ಭಾಗದಲ್ಲಿ ಸೂಸನ್ ಕೂಪರಳು ವಿದೂಷಕನ ಸ್ಥಾನದಲ್ಲಿಯೇ ಇದ್ದಾಳೆ. ಫೈನನ ಗೆಲುವಿಗೆ ಅವಳೇ ಕಾರಣಳಾದರೂ, ಅವನ ಮನೆಯ ಚಿಲ್ಲರೆ ಕೆಲಸಗಳನ್ನೂ ಅವಳೇ ನೋಡಿಕೊಳ್ಳುತ್ತಾಳೆ. ಕೃತಜ್ಞತೆಗೆಂದು ಅವನು ಅವಳನ್ನು ಒಂದು ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದೊಯ್ದು ಆಭರಣದ ಪೆಟ್ಟಿಗೆಯೊಂದನ್ನು ಮುಂದಿಡುತ್ತಾನೆ. ಆಸೆಯಿಂದ ತೆರೆದರೆ ಒಳಗಿರುವುದು ಕಪ್‌ಕೇಕಿನ ಆಕಾರದ ಅಗ್ಗದ ಆಟಿಕೆಯಂಥ ಪದಕದ ಸರ. ಮುಖ ಬಾಡಿದರೂ ಅವಳು ನಗುತ್ತಾಳೆ, ಕೊರಳಿಗೆ ಹಾಕಿಕೊಳ್ಳುತ್ತಾಳೆ. ಈ ಸನ್ನಿವೇಶದಲ್ಲಿ ಮೆಲಿಸ್ಸಾ ಮೆಕಾರ್ಥಿ ಅವರ ಅಭಿನಯ ಮೆಚ್ಚತಕ್ಕದ್ದು. ಪ್ರೇಕ್ಷಕನು ನಗುತ್ತ ನಗುತ್ತಲೇ ಎಲ್ಲೋ ಚುಚ್ಚಿದಂತಾಗಿ ಸುಮ್ಮನಾಗುತ್ತಾನೆ.

ಯಾಕೆ ಚುಚ್ಚುತ್ತದೆ? ಇಂಥ ಸೂಸನ್‌ಗಳು ನಮ್ಮ ಸುತ್ತಲೂ ಇದ್ದಾರೆ. ದೊಡ್ಡವರ ಭಾಷಣವನ್ನು ಬರೆದುಕೊಟ್ಟ ಗುಮಾಸ್ತ, ಸಭೆ ಕಳೆಯುವಂತೆ ಎಲ್ಲವನ್ನೂ ಅಣಿಗೊಳಿಸಿ ಹಿಂದೆ ನಿಂತವರು, ಹಬ್ಬದ ದಿನ ನೂರು ಜನರಿಗೆ ಬಡಿಸಿ ಕಡೆಗೆ ತಣ್ಣಗಾದುದನ್ನು ಉಣ್ಣುವ ಮನೆಯ ಹೆಂಗಸು — ಇವರಿಗೆ ನಾವು ಒಳ್ಳೆಯ ಮಾತಿನ ಆಟಿಕೆಯ ಸರವೊಂದನ್ನು ತೊಡಿಸಿ ಋಣ ತೀರಿತೆಂದು ಭಾವಿಸುತ್ತೇವೆ. ಫೈನ್ ದುಷ್ಟನಲ್ಲ, ಒರಟನಲ್ಲ. ಅವಳ ವಿಷಯದಲ್ಲಿ ಅವನದು ಸವಿನುಡಿಯೇ. ಕ್ಷೇತ್ರಕ್ಕಿಳಿಯುವ ಶಿಕ್ಷಣ ಪಡೆದಿದ್ದ ಅವಳನ್ನು ‘ನೀನು ನನ್ನ ಕಿವಿಯಲ್ಲಿದ್ದರೇ ಚೆಂದ’ ಎಂಬ ಭಾವನೆಯಿಂದ ನೆಲಮಾಳಿಗೆಯಲ್ಲಿ ಉಳಿಸಿದ್ದು ಆ ಸವಿನುಡಿಯೇ. ಬೈಗುಳದಿಂದ ತುಳಿಯುವವರನ್ನು ಗುರುತಿಸುವುದು ಸುಲಭ. ಹೊಗಳಿಕೆಯಿಂದ ತುಳಿಯುವವರನ್ನು ಗುರುತಿಸಲು ಈ ಹಾಸ್ಯಚಿತ್ರವು ಕಲಿಸುತ್ತದೆಂದರೆ ಅದು ಅಲ್ಪ ಸಾಧನೆಯಲ್ಲ.

ಎರಡನೆಯ ಗುಣ ವೇಷಕ್ಕೆ ಸಂಬಂಧಿಸಿದುದು. ಸೂಸನ್ ತನಗೂ ಬಾಂಡನಂಥ ಬೆಡಗಿನ ಉಡುಪು, ಸೊಗಸಾದ ಆಯುಧಗಳು ದೊರೆಯುವುವೆಂದು ಹಂಬಲಿಸುತ್ತಾಳೆ. ಸಂಸ್ಥೆಯವರು ಕೊಡುವುದಾದರೋ ಸಾಧಾರಣ ಗೃಹಿಣಿಯ ವೇಷ, ಬೆಕ್ಕು ಸಾಕುವ ಒಂಟಿ ಹೆಂಗಸಿನ ವೇಷ! ಆಯುಧಗಳೂ ಮೂಲವ್ಯಾಧಿ, ಮಲಬದ್ಧತೆಗಳ ಔಷಧಿಗಳ ರೂಪದಲ್ಲಿ ಅಡಗಿವೆ. ಮೇಲ್ನೋಟಕ್ಕೆ ಇದು ಭರತನು ಹೇಳಿದ ವಿಕೃತವೇಷದ ಹಾಸ್ಯವೇ. ಆದರೆ ಇದರ ಕಟಕಿ ಅವಳ ಕಡೆಗಲ್ಲ. ಇಷ್ಟು ವರ್ಷ ಜೊತೆಯಲ್ಲಿ ದುಡಿದವಳನ್ನು ನೋಡಿ ಸಂಸ್ಥೆಗೆ ಹೊಳೆದದ್ದು ಈ ವೇಷಗಳು ಮಾತ್ರ ಎಂಬುದನ್ನು ಚಿತ್ರ ಎತ್ತಿ ತೋರಿಸುತ್ತದೆ. ನಗೆಯು ನೋಡಲ್ಪಟ್ಟವಳಿಂದ ಹೊರಳಿ ನೋಡುವವರ ಕಣ್ಣಿನ ಮೇಲೆ ಬೀಳುತ್ತದೆ.

ಇದರಲ್ಲಿ ಇನ್ನೊಂದು ಸ್ವಾರಸ್ಯವೂ ಇದೆ. ರಾಜನೀತಿಯ ದೃಷ್ಟಿಯಿಂದ ನೋಡಿದರೆ ಆ ವೇಷಗಳೇ ಸರಿಯಾದವು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಗೂಢಪುರುಷರನ್ನು ವರ್ಣಿಸುವಾಗ ಗೃಹಸ್ಥ, ವ್ಯಾಪಾರಿ, ಭಿಕ್ಷುಕಿ ಮುಂತಾದವರನ್ನೂ, ಕುಬ್ಜರು, ಕುಳ್ಳರು, ಮೂಕರು, ಕಿವುಡರು ಎಂಬ ಸೋಗಿನಲ್ಲಿ ಇರತಕ್ಕವರನ್ನೂ ಹೇಳುತ್ತಾನೆ. ತಪಸ್ವಿಯ ವೇಷವೂ ಅವನ ಪಟ್ಟಿಯಲ್ಲಿದೆ. ಕಾವಿ ತೊಟ್ಟ ನಾವು ಅದನ್ನು ಕೊಂಚ ಸಂಕೋಚದಿಂದಲೇ ನೆನೆಯಬೇಕು. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಯಮಪಟವನ್ನು ಹಿಡಿದು ಮನೆಮನೆಗೆ ಅಲೆಯುವ ಚರನೇ ರಾಕ್ಷಸನ ಮುದ್ರೆಯುಂಗುರವನ್ನು ಚಾಣಕ್ಯನಿಗೆ ತಂದೊಪ್ಪಿಸುತ್ತಾನೆ. ೧೮೨೩ರಲ್ಲಿ ಕೆಂಪುನಾರಾಯಣನು ‘ಮುದ್ರಾಮಂಜೂಷ’ದ ಮೂಲಕ ಈ ಕಥೆಯನ್ನು ಕನ್ನಡಿಗರಿಗೆ ಪರಿಚಯಿಸಿದನು. ತಾತ್ಪರ್ಯವಿಷ್ಟೆ: ಲೋಕವು ಯಾರನ್ನು ಕಣ್ಣೆತ್ತಿಯೂ ನೋಡುವುದಿಲ್ಲವೋ ಅವರೇ ಲೋಕವನ್ನು ಚೆನ್ನಾಗಿ ನೋಡಬಲ್ಲರು. ಎಲ್ಲರ ಕಣ್ಣನ್ನೂ ಸೆಳೆಯುವ ಬಾಂಡನು ಗೂಢಚಾರನಾಗುವುದೇ ನಿಜವಾದ ಹಾಸ್ಯ. ಚಿತ್ರವು ಇದನ್ನು ಶಾಸ್ತ್ರ ಹೇಳದೆಯೇ ತೋರಿಸಿಕೊಟ್ಟಿದೆ.

ಮೂರನೆಯ ಗುಣ ರಿಕ್ ಫೋರ್ಡ್ ಎಂಬ ಪಾತ್ರ. ಸಾಹಸಚಿತ್ರಗಳಿಂದಲೇ ಹೆಸರಾದ ಜೇಸನ್ ಸ್ಟೇಥಮ್ ಅವರನ್ನು ಈ ಪಾತ್ರಕ್ಕೆ ಆರಿಸಿದುದು ನಿರ್ದೇಶಕರ ಜಾಣ್ಮೆ. ಸೂಸನ್‌ಳನ್ನು ಕಳುಹಿಸಿದರೆಂದು ಕೋಪಿಸಿಕೊಂಡು ರಾಜೀನಾಮೆ ಎಸೆದು ಹೋಗುವ ಈ ಮಹಾಶಯನು, ಕಿತ್ತುಹೋದ ಒಂದು ತೋಳನ್ನು ಇನ್ನೊಂದು ತೋಳಿನಿಂದ ತಾನೇ ಸೇರಿಸಿಕೊಂಡೆನೆಂದೂ, ಬಗೆಬಗೆಯ ವಿಷಗಳನ್ನು ಅರಗಿಸಿಕೊಂಡಿರುವೆನೆಂದೂ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಕೊಚ್ಚಿಕೊಳ್ಳುತ್ತಾನೆ. ಕೊನೆಯ ಹೋರಾಟದಲ್ಲಿ ವೀರಾವೇಶದಿಂದ ಹಾರಹೋದರೆ ಅವನ ಕೋಟು ಬಾಗಿಲಿನ ಹಿಡಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ರಸವು ಅನುಚಿತವಾದ ಕಡೆ ತೋರಿದರೆ ರಸಾಭಾಸವಾಗಿ ಹಾಸ್ಯದಲ್ಲಿ ಪರ್ಯವಸಾನವಾಗುವುದೆಂದು ಅಭಿನವಗುಪ್ತನು ಹೇಳಿರುವನಷ್ಟೆ. ಉತ್ತರಕುಮಾರನನ್ನು ಬಲ್ಲ ನಮಗೆ ಈ ವೀರಾಭಾಸ ಹೊಸದಲ್ಲ. ಆದರೆ ಉತ್ತರನು ರಣರಂಗದಲ್ಲಿ ಹೆದರಿ ತನ್ನ ನಿಜವನ್ನು ಕಂಡುಕೊಳ್ಳುತ್ತಾನೆ. ಫೋರ್ಡನು ಹೆದರುವುದೂ ಇಲ್ಲ, ಕಲಿಯುವುದೂ ಇಲ್ಲ. ಅರ್ಧ ಶತಮಾನದ ಗೂಢಚಾರ ಚಿತ್ರಗಳ ಬಡಾಯಿಯೆಲ್ಲ ಒಬ್ಬನ ಬಾಯಿಯಲ್ಲಿ ಹರಳುಗಟ್ಟಿದಂತಿದೆ.

ಉಳಿದ ಪಾತ್ರವರ್ಗವೂ ಸೊರಗಿಲ್ಲ. ನೆಲಮಾಳಿಗೆಯ ಗೆಳತಿ ನ್ಯಾನ್ಸಿಯಾಗಿ ಮಿರಾಂಡಾ ಹಾರ್ಟ್, ಅಧಿಕಾರಿಣಿಯಾಗಿ ಆಲಿಸನ್ ಜ್ಯಾನಿ, ದರ್ಪದ ಒಳಗೆ ಒಂಟಿತನವನ್ನು ಬಚ್ಚಿಟ್ಟುಕೊಂಡ ರೇನಾಳಾಗಿ ರೋಸ್ ಬರ್ನ್ ತಂತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದ್ದಾರೆ. ಹಿಂದಿ ಚಿತ್ರಗಳ ಪ್ರೇಕ್ಷಕರಿಗೆ ಪರಿಚಿತರಾದ ನರ್ಗಿಸ್ ಫಾಕ್ರಿ ಇಲ್ಲಿ ಕೊಲೆಗಾತಿಯಾಗಿ ಬರುತ್ತಾರೆ. ಬುಡಾಪೆಸ್ಟಿನ ಅಡುಗೆಮನೆಯೊಂದರಲ್ಲಿ ಅವರಿಗೂ ಸೂಸನ್‌ಳಿಗೂ ನಡೆಯುವ ಕಾಳಗ ಚಿತ್ರದ ಅತ್ಯುತ್ತಮ ಸಾಹಸದೃಶ್ಯ. ಬಾಣಲೆ, ಚಾಕು ಮೊದಲಾದ ನಿತ್ಯದ ಸಾಮಾನುಗಳೇ ಅಲ್ಲಿ ಆಯುಧಗಳು. ದಪ್ಪ ಮೈಯವಳು ಎಡವಿ ಬಿದ್ದಳೆಂದು ನಗಿಸುವ ಹಳೆಯ ಚಾಳಿ ಇಲ್ಲಿಲ್ಲ. ಅವಳು ಚುರುಕಾಗಿದ್ದಾಳೆ, ನುರಿತಿದ್ದಾಳೆ. ನಮಗೆ ಆಶ್ಚರ್ಯವಾದರೆ ಆ ಆಶ್ಚರ್ಯವೇ ನಮ್ಮ ಪೂರ್ವಗ್ರಹದ ಸಾಕ್ಷಿ. ಸುಮಾರು ಆರೂವರೆ ಕೋಟಿ ಡಾಲರ್ ವೆಚ್ಚದ ಈ ಚಿತ್ರವು ಜಗತ್ತಿನಾದ್ಯಂತ ಇಪ್ಪತ್ತಮೂರು ಕೋಟಿಗೂ ಮಿಕ್ಕ ಡಾಲರ್‌ಗಳನ್ನು ಗಳಿಸಿತು. ೨೦೧೬ರ ಗೋಲ್ಡನ್ ಗ್ಲೋಬ್ ಪ್ರಶಸ್ತಿಗಳಿಗೆ ಹಾಸ್ಯಚಿತ್ರ ಹಾಗೂ ನಾಯಕನಟಿ ವಿಭಾಗಗಳಲ್ಲಿ ನಾಮನಿರ್ದೇಶನವನ್ನೂ ಪಡೆಯಿತು. ಜನಪ್ರಿಯತೆಗೂ ಯೋಗ್ಯತೆಗೂ ಇಲ್ಲಿ ಸ್ವಲ್ಪ ಮಟ್ಟಿನ ಹೊಂದಾಣಿಕೆ ಇದೆಯೆನ್ನಲು ಅಡ್ಡಿಯಿಲ್ಲ.

ಇನ್ನು ದೋಷಗಳು. ಮೊದಲನೆಯದು ಭಾಷೆ. ಚಿತ್ರದ ಉದ್ದಕ್ಕೂ ಬೈಗುಳ ಹಾಗೂ ಅಶ್ಲೀಲ ನುಡಿ ಹೊಳೆಯಾಗಿ ಹರಿಯುತ್ತದೆ. ಇದನ್ನು ಮಡಿವಂತಿಕೆಯ ಆಕ್ಷೇಪವೆಂದು ತಳ್ಳಿಹಾಕಬಾರದು. ನಮ್ಮ ಆಕ್ಷೇಪ ಕಲೆಗೆ ಸಂಬಂಧಿಸಿದುದು. ರೇನಾಳ ನಂಬಿಕೆ ಗಳಿಸುವುದಕ್ಕಾಗಿ ಸೂಸನ್ ತಾನು ಒರಟಾದ ಅಂಗರಕ್ಷಕಿಯೆಂದು ನಟಿಸಿ, ಜೀವಮಾನದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ಬೈಯುತ್ತಾಳೆ. ಆ ಕ್ಷಣದಲ್ಲಿ ಬೈಗುಳಕ್ಕೆ ಅರ್ಥವಿದೆ: ಹತ್ತು ವರ್ಷ ನುಂಗಿಕೊಂಡದ್ದು ವೇಷದ ನೆವದಿಂದ ಹೊರಬರುತ್ತಿದೆ. ಆದರೆ ಅವಳ ಸುತ್ತಲಿನವರೆಲ್ಲರೂ ಮೊದಲಿನಿಂದಲೇ ಹಾಗೆ ಮಾತಾಡುತ್ತಿದ್ದರೆ, ಈ ಸ್ಫೋಟಕ್ಕೆ ಬೆಲೆಯೆಲ್ಲಿ ಉಳಿಯಿತು? ಉಪ್ಪು ರುಚಿಯೆಂದು ಅನ್ನಕ್ಕೆ ಬದಲಾಗಿ ಉಪ್ಪನ್ನೇ ಬಡಿಸಿದಂತಾಯಿತು. ಅದಕ್ಕಿಂತ ಹೆಚ್ಚಾಗಿ, ಸೌಮ್ಯಳಾದವಳಿಗೆ ಧೈರ್ಯ ಬಂದುದರ ಗುರುತು ಅವಳ ನಾಲಗೆ ಕೆಡುವುದೇ ಎಂಬ ಪ್ರಶ್ನೆ ಏಳುತ್ತದೆ. ಪುರುಷರ ಕೆಟ್ಟ ಚಾಳಿಯನ್ನು ಸ್ತ್ರೀಯೂ ಕಲಿತರೆ ಸಮಾನತೆ ಬಂದಿತೆಂದು ತಿಳಿಯುವುದು ಬಹಳ ಅಗ್ಗದ ಸಮಾನತೆ. ಅವಳ ನಿಜವಾದ ಶಕ್ತಿಯಾದ ಸೂಕ್ಷ್ಮ ಅವಲೋಕನವನ್ನೂ, ಸಮಯಸ್ಫೂರ್ತಿಯನ್ನೂ ಈ ಗದ್ದಲವು ಅಲ್ಲಲ್ಲಿ ಮುಚ್ಚಿಬಿಡುತ್ತದೆ.

ಎರಡನೆಯದು ಆಲ್ಡೋ ಎಂಬ ಇಟಲಿಯ ಸಹಾಯಕನ ಪಾತ್ರ. ಅವಕಾಶ ಸಿಕ್ಕಿದಾಗಲೆಲ್ಲ ಇವನು ಸೂಸನ್‌ಳ ಮೈಮೇಲೆ ಕೈಹಾಕುತ್ತಾನೆ. ಚಿತ್ರ ಅದನ್ನು ನಗೆಯ ಸರಕಾಗಿ ಮತ್ತೆ ಮತ್ತೆ ಬಳಸುತ್ತದೆ. ಅವಳ ಗೌರವಕ್ಕಾಗಿ ಎರಡು ಗಂಟೆಗಳ ಕಾಲ ವಾದಿಸುವ ಚಿತ್ರವೇ ಅವಳ ಒಪ್ಪಿಗೆಯಿಲ್ಲದ ಸ್ಪರ್ಶಕ್ಕೆ ನಗಬೇಕೆಂದು ನಮ್ಮನ್ನು ಕೇಳಿದರೆ, ಅದು ತಾನು ಕುಳಿತ ಕೊಂಬೆಯನ್ನು ತಾನೇ ಕಡಿದಂತೆ. ಇಟಲಿಯವನೆಂದರೆ ಲಂಪಟ, ಪೂರ್ವ ಯೂರೋಪಿನವರೆಂದರೆ ಬಾಂಬು ಮಾರುವವರು ಎಂಬ ಸವೆದ ಅಚ್ಚುಗಳನ್ನೂ ಚಿತ್ರ ಹಾಗೆಯೇ ಉಳಿಸಿಕೊಂಡಿದೆ. ಮೈಯ ಆಕಾರದ ಮೇಲಣ ಪೂರ್ವಗ್ರಹವನ್ನು ಅಣಕಿಸಿದವರು ದೇಶದ ಮೇಲಣ ಪೂರ್ವಗ್ರಹವನ್ನು ಅಣಕಿಸಲು ಮರೆತರು.

ಮೂರನೆಯದು ಸಾವಿನ ಪ್ರಶ್ನೆ. ಪ್ಯಾರಿಸಿನಲ್ಲಿ ಶತ್ರುವೊಬ್ಬನು ಮೊದಲ ಬಾರಿಗೆ ಅವಳ ಕಾರಣದಿಂದ ಸತ್ತಾಗ ಸೂಸನ್‌ಳಿಗೆ ವಾಂತಿಯಾಗುತ್ತದೆ. ದೃಶ್ಯವನ್ನು ಅಸಹ್ಯ ಬರುವಷ್ಟು ಹಿಗ್ಗಿಸಿದ್ದಾರೆ, ನಿಜ. ಆದರೂ ಅದರಲ್ಲಿ ಒಂದು ಸತ್ಯವಿದೆ: ಕೊಂದ ಮೇಲೆ ಮನುಷ್ಯಮಾತ್ರರಾದವರ ಒಡಲು ತಲ್ಲಣಿಸಲೇಬೇಕು. ಮುಂದೆ ಹೆಣಗಳು ಸಾಲಾಗಿ ಬೀಳುತ್ತವೆ. ಆ ತಲ್ಲಣ ಮಾತ್ರ ಮರಳಿ ಬರುವುದಿಲ್ಲ. ಒಂದು ನಗರವನ್ನೇ ಬೂದಿ ಮಾಡಬಲ್ಲ ಬಾಂಬು ಕಥೆಯ ಗಾಡಿಯನ್ನು ಎಳೆಯುವ ಎತ್ತಾಗಿ ಮಾತ್ರ ಉಳಿಯುತ್ತದೆ. ಹಾಸ್ಯಚಿತ್ರದಲ್ಲಿ ಇದನ್ನೆಲ್ಲ ಕೇಳಬಾರದೆನ್ನುವವರಿದ್ದಾರೆ. ಆದರೆ ವಾಂತಿಯ ದೃಶ್ಯದಲ್ಲಿ ಪ್ರಶ್ನೆಯನ್ನು ಎತ್ತಿದವರು ಚಿತ್ರದವರೇ ಹೊರತು ನಾವಲ್ಲ.

ನಾಲ್ಕನೆಯ ದೋಷ ಕಥೆಯ ಕಟ್ಟಡದಲ್ಲಿದ್ದು, ನಮ್ಮ ದೃಷ್ಟಿಯಲ್ಲಿ ಇದೇ ದೊಡ್ಡದು. ಸತ್ತನೆಂದುಕೊಂಡಿದ್ದ ಫೈನ್ ಉತ್ತರಾರ್ಧದಲ್ಲಿ ಜೀವಂತನಾಗಿ ಪ್ರತ್ಯಕ್ಷನಾಗುತ್ತಾನೆ. ರೇನಾಳ ವಿಶ್ವಾಸ ಗಳಿಸಲು ಸಾವಿನ ನಾಟಕವಾಡಿದನಂತೆ. ತಿರುವು ಚಮತ್ಕಾರವಾಗಿರಬಹುದು. ಆದರೆ ಅವನ ಸಾವನ್ನು ಕಣ್ಣಾರೆ ಕಂಡು ಕಂಬನಿಗರೆದವಳು ಸೂಸನ್. ಆ ದುಃಖವೇ ಅವಳನ್ನು ಯುದ್ಧಭೂಮಿಗೆ ದೂಡಿತು. ಅವಳ ಪ್ರಾಮಾಣಿಕ ಶೋಕವು ಅವನ ಯೋಜನೆಯಲ್ಲಿ ಲೆಕ್ಕಕ್ಕೇ ಬರಲಿಲ್ಲ. ಆಟಿಕೆಯ ಸರಕ್ಕಿಂತ ಇದು ನೂರು ಪಾಲು ದೊಡ್ಡ ಅವಜ್ಞೆ. ಚಿತ್ರವು ಇದಕ್ಕೆ ಅವನಿಂದ ಉತ್ತರ ಕೇಳಬೇಕಾಗಿತ್ತು. ಕೇಳಿದ್ದರೆ ಮೊದಲ ಭಾಗದ ಮುಳ್ಳು ಕೊನೆಯವರೆಗೂ ಚುಚ್ಚುತ್ತಿತ್ತು. ಹೆಲಿಕಾಪ್ಟರಿಗೆ ಜೋತುಬಿದ್ದು ನಡೆಸುವ ಹೋರಾಟದ ಅಬ್ಬರದಲ್ಲಿ ಆ ಪ್ರಶ್ನೆ ಕೊಚ್ಚಿಹೋಗಿದೆ.

ಹಾಗಿದ್ದೂ ಮುಕ್ತಾಯದ ಒಂದು ಸಣ್ಣ ಸಂಗತಿ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಎಲ್ಲ ಮುಗಿದ ಮೇಲೆ ಫೈನ್ ಸೂಸನ್‌ಳನ್ನು ಊಟಕ್ಕೆ ಆಹ್ವಾನಿಸುತ್ತಾನೆ. ಮೊದಲ ದೃಶ್ಯಗಳಲ್ಲಿ ಅವಳು ಯಾವುದಕ್ಕಾಗಿ ಹಾತೊರೆದಿದ್ದಳೋ ಅದೇ ಈಗ ತಾನಾಗಿ ಬಂದಿದೆ. ಅವಳು ನಯವಾಗಿ ಬೇಡವೆಂದು ಹೇಳಿ, ಕಷ್ಟದಲ್ಲಿ ಜೊತೆಗಿದ್ದ ನ್ಯಾನ್ಸಿಯೊಡನೆ ಸಂಜೆ ಕಳೆಯಲು ಹೊರಡುತ್ತಾಳೆ. ಇಲ್ಲಿ ಬೈಗುಳವಿಲ್ಲ, ಗುಂಡಿಲ್ಲ, ರಕ್ತವಿಲ್ಲ. ದೊಡ್ಡವರ ಮೆಚ್ಚುಗೆಯಿಂದ ತನ್ನ ಬೆಲೆ ನಿರ್ಧಾರವಾಗಬೇಕಾಗಿಲ್ಲವೆಂದು ಅರಿತವಳ ಶಾಂತವಾದ ನಿರ್ಧಾರವಿದೆ. ಇಡೀ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ಸಾಹಸ ಇನ್ನೊಂದಿಲ್ಲ. ಇದರ ಬೆನ್ನಿಗೇ ಅವಳು ಫೋರ್ಡನ ಪಕ್ಕದಲ್ಲಿ ಎಚ್ಚರಗೊಂಡು ಚೀರುವ ಅಗ್ಗದ ನಗೆಯೊಂದನ್ನು ಅಂಟಿಸಿ, ಕಟ್ಟಿದ ಗೋಪುರದ ಕಳಸವನ್ನು ನಿರ್ದೇಶಕರು ತಾವೇ ಸೊಟ್ಟ ಮಾಡಿದ್ದಾರೆ.

ಒಟ್ಟಿನಲ್ಲಿ, ಭರತನ ಲೆಕ್ಕದಲ್ಲಿ ಹೇಳುವುದಾದರೆ ಈ ಚಿತ್ರವು ಹಸಿತಕ್ಕೆ ಯೋಗ್ಯವಾದ ವಸ್ತುವನ್ನು ಕೈಯಲ್ಲಿಟ್ಟುಕೊಂಡು, ತನ್ನ ಮೇಲೆ ತನಗೇ ನಂಬಿಕೆ ಸಾಲದಾದಾಗಲೆಲ್ಲ ಅಪಹಸಿತಕ್ಕೆ ಇಳಿಯುತ್ತದೆ. ಮಕ್ಕಳೊಡನೆ ಕುಳಿತು ನೋಡತಕ್ಕ ಚಿತ್ರ ಇದಲ್ಲ. ಪ್ರೌಢರಾದವರು ನೋಡಿದರೆ ನಷ್ಟವೇನೂ ಇಲ್ಲ. ನೋಡುವವರು ತಾವು ನಕ್ಕ ಎಡೆಗಳನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಲಿ. ಸೂಸನ್‌ಳ ಮೈಯನ್ನು ಕಂಡು ನಕ್ಕೆವೋ, ಅವಳನ್ನು ಅಷ್ಟಕ್ಕೇ ಅಳೆದವರನ್ನು ಕಂಡು ನಕ್ಕೆವೋ ಎಂದು ಕೇಳಿಕೊಳ್ಳಲಿ. ಬಳಿಕ ತಮ್ಮ ಕಚೇರಿಯಲ್ಲಿ, ಶಾಲೆಯಲ್ಲಿ, ಮನೆಯಲ್ಲಿ ಯಾರ ದುಡಿಮೆಯು ತಮ್ಮ ಕಿವಿಯಲ್ಲಿ ಮೆಲುದನಿಯಾಗಿ ದಾರಿ ತೋರುತ್ತಿದೆಯೆಂದು ನೆನೆಯಲಿ. ಅವರನ್ನು ಹೆಸರು ಹಿಡಿದು ಕರೆದು, ಸಲ್ಲತಕ್ಕ ಮನ್ನಣೆಯನ್ನು ನಾಲ್ಕು ಜನರೆದುರಿಗೆ ಸಲ್ಲಿಸಿದರೆ, ಎರಡು ಗಂಟೆಗಳ ನಗೆ ವ್ಯರ್ಥವಾಗಲಿಲ್ಲವೆಂದು ಭಾವಿಸಬಹುದು.